ಮದುವೆಮನೆಯ ಗರಿಟೋಪಿ

ನಮ್ಮ ಮದುವೆಗಳಲ್ಲಿ ಹಣೆಗೆ ಬಾಸಿಂಗ ಕಟ್ಟಿಸಿಕೊಳ್ಳುವ ಭಾಗ್ಯ ವಧೂವರರಿಗೆ ಮಾತ್ರ ಸಲ್ಲುವಂಥದು. ಬಂದ ಬೀಗರಾಗಲಿ ಬಂಧುಗಳಾಗಲಿ ಅದಕ್ಕೆ ಹಕ್ಕುದಾರರಲ್ಲ. ಆಂಗ್ಲರ ಮದುವೆಯಲ್ಲಿ ಕ್ರಮ ಇದಕ್ಕೆ ವಿಪರೀತವಾಗಿದೆ. ಅಲ್ಲಿ ವಧುವು ತೆಳುವಾದ ಮುಸುಕನ್ನು ಧರಿಸಿ ಸೌಮ್ಯವಾಗಿ ನಿಂತಿರಲು, ಅವಳ ತಾಯಿ, ವರನ ತಾಯಿ, ಚಿಕ್ಕಮ್ಮ, ಸೋದರತ್ತೆ, ಗೆಳತಿಯರು ಮೊದಲಾದ ಸ್ತ್ರೀಸಮುದಾಯವೆಲ್ಲ ಗರಿ, ಹೂ, ಜಾಲರಿಗಳಿಂದ ರಚಿತವಾದ ಟೋಪಿಗಳನ್ನು ತೊಟ್ಟು, ಹೊಸದಾಗಿ ಒಳಹೊಕ್ಕವನಿಗೆ ಇದೇನು ಪಕ್ಷಿಗಳ ಸ್ವಯಂವರವೋ ಎಂಬ ಭ್ರಾಂತಿ ಹುಟ್ಟುವಂತೆ ಇಗರ್ಜಿಯ ಸಾಲುಪೀಠಗಳಲ್ಲಿ ವಿರಾಜಮಾನರಾಗಿರುತ್ತಾರೆ. ವಧುವಿನ ತಾಯಿ ತನ್ನ ಟೋಪಿಯನ್ನು ತೆಗೆದಿರಿಸುವವರೆಗೆ ಉಳಿದವರು ತಮ್ಮದನ್ನು ತೆಗೆಯಲಾಗದೆಂಬ ಶಿಷ್ಟಾಚಾರವೂ ಅಲ್ಲಿ ಉಂಟು.

ಈ ಶಿರೋಭೂಷಣಗಳಲ್ಲಿ ಸ್ಥೂಲವಾಗಿ ಎರಡು ಜಾತಿ. ನೆತ್ತಿಯನ್ನು ಆವರಿಸುವ, ಅಂಚುಳ್ಳ ಪೂರ್ಣ ಟೋಪಿ ಒಂದು. ಅಂಗೈಗಿಂತ ಕಿರಿದಾದ ಅಡಿಬಿಲ್ಲೆಯ ಮೇಲೆ ಗರಿಗಳನ್ನು ನಿಲ್ಲಿಸಿ, ಬಾಚಣಿಗೆಯಿಂದಲೋ ಕೂದಲಿನೊಳಗೆ ಮರೆಯಾಗುವ ಎಲಾಸ್ಟಿಕ್ ದಾರದಿಂದಲೋ ತಲೆಯ ಒಂದು ಪಾರ್ಶ್ವಕ್ಕೆ, ಸಾಮಾನ್ಯವಾಗಿ ಬಲಕ್ಕೆ, ಓರೆಯಾಗಿ ನಿಲ್ಲಿಸುವ ‘ಫ್ಯಾಸಿನೇಟರ್’ ಇನ್ನೊಂದು. ಇವುಗಳ ನಡುವಣ ಭೇದವು ಕೇವಲ ಅಭಿರುಚಿಯ ವಿಷಯವೆಂದು ಭಾವಿಸುವವರು ಆಸ್ಕಟ್ ಕುದುರೆಪಂದ್ಯದ ನಿಯಮಾವಳಿಯನ್ನು ಗಮನಿಸಬೇಕು. 1711ರಲ್ಲಿ ಆನ್ ರಾಣಿಯು ಆರಂಭಿಸಿದ ಈ ಪಂದ್ಯದ ರಾಜಾವರಣದೊಳಕ್ಕೆ 2012ರಿಂದ ಫ್ಯಾಸಿನೇಟರಿಗೆ ಪ್ರವೇಶವಿಲ್ಲ. ಟೋಪಿಯಿಲ್ಲದವರ ಶಿರೋಭೂಷಣದ ಅಡಿಬಿಲ್ಲೆಯು ಕನಿಷ್ಠ 4 ಅಂಗುಲ ವ್ಯಾಸವುಳ್ಳದ್ದಾಗಿರಬೇಕು. ನಗು ತರಿಸುವ ಕಟ್ಟಳೆಯೆಂದು ಕಂಡರೂ, ನಾಲ್ಕು ಗರಿಗಳನ್ನು ಕೂದಲಿನ ಕ್ಲಿಪ್ಪಿಗೆ ಅಂಟಿಸಿ ಮಾರುವ ಅಗ್ಗದ ಸರಕು ಅಂಗಡಿಗಳನ್ನು ತುಂಬಿದ ಮೇಲೆ ಕೈಗಸಬಿನ ಮಾನ ಕಾಯಲು ಇಂಥದೊಂದು ಬೇಲಿ ಬೇಕಾಗಿತ್ತೆಂದೇ ನನ್ನ ಮತ.

ಕಸಬಿನ ಮೊದಲ ಹೆಜ್ಜೆ ಮರದ ಅಚ್ಚು. ಬೇಸಿಗೆಯ ಟೋಪಿಗಳಿಗೆ ಹೆಚ್ಚಾಗಿ ಬಳಸುವುದು ಸಿನಮೇ ಎಂಬ ಜಾಳಾದ ವಸ್ತ್ರವನ್ನು. ಇದು ಫಿಲಿಪೀನ್ಸ್ ದ್ವೀಪಗಳ ಅಬಾಕಾ ಎಂಬ, ನಮ್ಮ ಬಾಳೆಗೆ ದಾಯಾದಿಯಾದ ಗಿಡದ ನಾರಿನಿಂದ ನೇಯ್ದುದು. ಇದರ ಎರಡು ಮೂರು ಪದರಗಳನ್ನು ಹಬೆಗೆ ಹಿಡಿದು ಮೆತ್ತಗಾಗಿಸಿ, ನೇಯ್ಗೆಯ ಓರೆಯಲ್ಲಿ ಅಚ್ಚಿನ ಮೇಲೆ ಎಳೆದು, ಸುತ್ತಲೂ ಗುಂಡುಸೂಜಿಗಳಿಂದ ಬಂಧಿಸಿ, ಗಟ್ಟಿಗೊಳಿಸುವ ಅಂಟುನೀರನ್ನು ಸವರಿ, ಚೆನ್ನಾಗಿ ಒಣಗಿದ ಬಳಿಕ ಕಳಚಿ ತೆಗೆಯುತ್ತಾರೆ. ಅಂಚಿಗೆ ತೆಳುತಂತಿಯನ್ನು ಹೊಲಿದು ಓರೆಪಟ್ಟಿಯಿಂದ ಮರೆಮಾಡುತ್ತಾರೆ. ಹೊಲಿಗೆಯ ಒಂದೆಳೆಯೂ ಹೊರಗೆ ಇಣುಕಲಾಗದು.

ಆದರೆ ಕೈಯ ನಿಜವಾದ ಪರೀಕ್ಷೆ ಗರಿಯಲ್ಲಿ. ಹುಂಜದ ಬಾಲದ ಗರಿ, ಹೆಬ್ಬಾತಿನ ರೆಕ್ಕೆಯ ಗರಿ, ಗಿನಿಕೋಳಿಯ ಚುಕ್ಕೆಗರಿ, ಫೆಸೆಂಟಿನ ಉದ್ದಗರಿ, ಉಷ್ಟ್ರಪಕ್ಷಿಯ ಜೊಂಪೆಗರಿ ಇವು ನಿತ್ಯದ ಸಾಮಗ್ರಿ. ಗರಿಯೂ ಉಣ್ಣೆ ರೇಷ್ಮೆಗಳಂತೆ ಪ್ರಾಣಿಜನ್ಯವಾದ ಪ್ರೋಟೀನಿನಿಂದ ಆದುದಾದ ಕಾರಣ ಅವಕ್ಕೆ ಹಿಡಿಯುವ ಆಮ್ಲವರ್ಣಗಳೇ ಇದಕ್ಕೂ ಹಿಡಿಯುತ್ತವೆ. ಬಣ್ಣದ ನೀರಿಗೆ ತುಸು ವಿನಿಗರ್ ಬೆರೆಸುವುದು ಆ ಸಲುವಾಗಿಯೇ. ತೊಟ್ಟಿಯಿಂದ ಹೊರತೆಗೆದ ಗರಿ ನೆನೆದ ದಾರದಂತೆ ಮುದುಡಿಕೊಂಡು, ಇದು ಇನ್ನು ಕಸಕ್ಕೇ ಸರಿಯೆಂಬ ಶಂಕೆಯನ್ನು ಹುಟ್ಟಿಸುತ್ತದೆ. ಗಾಳಿಗೆ ಒಣಗಿಸಿ ಹಬೆಯ ಮೇಲೆ ಆಡಿಸಿದೊಡನೆ ಎಳೆ ಎಳೆಯಾಗಿ ಮರಳಿ ಅರಳುತ್ತದೆ. ಸಾಧಾರಣ ಗರಿಯ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿದ್ದು ಒಂದನ್ನೊಂದು ಹಿಡಿದುಕೊಂಡಿರುವುದರಿಂದ, ಕೆದರಿದುದನ್ನು ಬೆರಳುಗಳ ನಡುವೆ ಬುಡದಿಂದ ತುದಿಗೆ ಸವರಿದರೆ ಮತ್ತೆ ಒಂದೇ ಹಾಳೆಯಾಗಿ ಕೂಡಿಕೊಳ್ಳುತ್ತದೆ. ಉಷ್ಟ್ರಪಕ್ಷಿಗೆ ಈ ಕೊಕ್ಕೆಗಳಿಲ್ಲ; ಅದರ ಗರಿಯು ಬಿಡಿಬಿಡಿಯಾಗಿ ತೂಗಾಡುವುದೂ, ಉಸಿರು ತಾಕಿದರೆ ನಡುಗುವುದೂ ಈ ಕೊರತೆಯ ಫಲವೇ. ಇನ್ನು ಮೊಂಡ ಚಾಕುವಿನ ಅಲಗಿಗೆ ಹೆಬ್ಬೆರಳಿನಿಂದ ಒತ್ತಿ ಎಳೆದರೆ ಗರಿ ಸುರುಳಿಯಾಗುತ್ತದೆ. ದಂಟಿನ ಎರಡೂ ಬದಿಯ ಎಳೆಗಳನ್ನು ಕಿತ್ತು ತುದಿಯಲ್ಲಿ ಮಾತ್ರ ಒಂದು ಎಸಳನ್ನು ಉಳಿಸಿದರೆ ಬಾಣವಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬ ವಿವೇಕವನ್ನು ಮಾತ್ರ ಯಾವ ಚಾಕುವೂ ಕಲಿಸದು. ಐದು ಗರಿ ಸಾಲುವಲ್ಲಿ ಹದಿನೈದನ್ನು ಚುಚ್ಚಿದ ಟೋಪಿಗಳು ಅಲ್ಲಿಯ ಮದುವೆಗಳಲ್ಲಿ ವಿರಳವೇನೂ ಅಲ್ಲ.

ಈ ವಿದ್ಯೆಗೆ ಪ್ಯಾರಿಸ್ಸಿನಲ್ಲಿ 1880ರಲ್ಲಿ ಸ್ಥಾಪಿತವಾದ ಲಮಾರಿಯೇ ಎಂಬ ಕಾರ್ಯಾಗಾರ ಇಂದಿಗೂ ನಡೆಯುತ್ತಿರುವ ಹಿರಿಯ ಮನೆ. ಲಂಡನ್ನಿನಲ್ಲಿ ಈ ಕಾಲದ ಪ್ರಖ್ಯಾತ ಹೆಸರೆಂದರೆ ಫಿಲಿಪ್ ಟ್ರೇಸಿಯವರದು. 1967ರಲ್ಲಿ ಐರ್ಲೆಂಡಿನ ಗಾಲ್ವೇ ಪ್ರಾಂತದ ಒಂದು ಕುಗ್ರಾಮದಲ್ಲಿ ಜನಿಸಿದ ಇವರು 2005ರಲ್ಲಿ ರಾಜಕುಮಾರ ಚಾರ್ಲ್ಸರೊಡನೆ ಕಮಿಲ್ಲಾ ಅವರ ವಿವಾಹವಾದಾಗ, ವಿಂಡ್ಸರಿನ ಆಶೀರ್ವಾದವಿಧಿಗೆಂದು ಚಿನ್ನದ ರೇಕು ಹಚ್ಚಿದ ಗರಿಗಳ ಶಿರೋಭೂಷಣವನ್ನು ರಚಿಸಿಕೊಟ್ಟರು. 2011ರ ಏಪ್ರಿಲಿನಲ್ಲಿ ರಾಜಕುಮಾರ ವಿಲಿಯಮ್ಮರ ಮದುವೆಗೆ ರಾಜಕುಮಾರಿ ಬಿಯಾಟ್ರಿಸ್ ಧರಿಸಿಬಂದ ಇವರದೇ ಕೈಯ ಟೋಪಿಯು ಲೋಕದ ಪರಿಹಾಸಕ್ಕೆ ಗುರಿಯಾದರೂ, ಮರುತಿಂಗಳು ಧರ್ಮಾರ್ಥವಾಗಿ ಹರಾಜಿಗಿಟ್ಟಾಗ 81,100 ಪೌಂಡುಗಳನ್ನು ತಂದಿತು. ನಕ್ಕವರಲ್ಲಿ ಎಷ್ಟು ಮಂದಿಯ ಟೋಪಿ ಅಷ್ಟು ಉಪಕಾರ ಮಾಡಿತೋ ನಾನರಿಯೆ.

ಇಷ್ಟು ಸೊಗಸಿನ ಈ ಕಲೆಗೆ ರಕ್ತದ ಕಲೆಯೂ ಅಂಟಿದುದುಂಟು. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಯೂರೋಪ್ ಅಮೆರಿಕಗಳ ಸ್ತ್ರೀಯರ ಟೋಪಿಗಳಿಗೆ ಅತ್ಯಂತ ಪ್ರಿಯವಾಗಿದ್ದುದು ಬೆಳ್ಳಕ್ಕಿಯ ಬೆನ್ನಮೇಲಣ ಜಾಲರಿಗರಿ. ಆ ಗರಿ ಮೂಡುವುದು ಸಂತಾನಕಾಲದಲ್ಲಿ ಮಾತ್ರ. ಆದುದರಿಂದ ಬೇಟೆಗಾರರು ಗೂಡುಗಳಿದ್ದ ತೋಪುಗಳಿಗೇ ನುಗ್ಗಿ ತಾಯ್ತಂದೆಗಳನ್ನು ಕೊಂದು, ಮರಿಗಳನ್ನು ಹಸಿವಿಗೆ ಬಿಟ್ಟು ಹೋಗುತ್ತಿದ್ದರು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಗೂಡುಕಟ್ಟಿದ ಬೆಳ್ಳಕ್ಕಿಗಳನ್ನು ಕಂಡವರಿಗೆ ಆ ಕ್ರೌರ್ಯದ ಸ್ವರೂಪವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ನಮ್ಮ ದೇಶದಿಂದಲೂ ಹಡಗುಗಟ್ಟಲೆ ಗರಿ ಲಂಡನ್ನಿಗೆ ಹೋಗುತ್ತಿದ್ದು, 1902ರಲ್ಲಿ ಭಾರತ ಸರ್ಕಾರ ಕಾಡುಹಕ್ಕಿಗಳ ಗರಿ ಮತ್ತು ಚರ್ಮಗಳ ರಫ್ತನ್ನು ನಿಷೇಧಿಸಿತು.

ಟೋಪಿಯನ್ನು ಧರಿಸುತ್ತಿದ್ದವರು ಸ್ತ್ರೀಯರು. ಅದರ ಪಾಪವನ್ನು ಎತ್ತಿ ತೋರಿಸಿದವರಲ್ಲಿಯೂ ಸ್ತ್ರೀಯರಿದ್ದರೆಂಬುದು ಇತಿಹಾಸದ ಒಂದು ಸ್ವಾರಸ್ಯ. 1889ರಲ್ಲಿ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್ಸನ್ ಎಂಬಾಕೆ ಸಂಘವೊಂದನ್ನು ಕಟ್ಟಿದಳು. ಇಂದು ಬ್ರಿಟನ್ನಿನ ಪಕ್ಷಿಸಂರಕ್ಷಣೆಯ ಮಹಾಸಂಸ್ಥೆಯಾಗಿ ಬೆಳೆದಿರುವುದು ಅದೇ. ಆಹಾರಕ್ಕಾಗಿ ಕೊಲ್ಲದ ಯಾವ ಹಕ್ಕಿಯ ಗರಿಯನ್ನೂ ತಾವು ಧರಿಸುವುದಿಲ್ಲವೆಂದೂ, ಉಷ್ಟ್ರಪಕ್ಷಿಯೊಂದು ಮಾತ್ರ ಇದಕ್ಕೆ ಅಪವಾದವೆಂದೂ ಸದಸ್ಯೆಯರು ಮಾತುಕೊಟ್ಟರು. ಬ್ರಿಟಿಷ್ ಪಾರ್ಲಿಮೆಂಟು ಗರಿಗಳ ಆಮದನ್ನು ನಿರ್ಬಂಧಿಸುವ ಶಾಸನವನ್ನು ಮಾಡಲು 1921 ಬರಬೇಕಾಯಿತು.

ಕಾನೂನು ಬಂದರೆ ಕಸಬು ನಾಶವಾದೀತೆಂದು ವ್ಯಾಪಾರಿಗಳು ಅಂದು ಕೂಗಾಡಿದರು. ಹಾಗೇನೂ ಆಗಲಿಲ್ಲ. ಇಂದಿನ ಟೋಪಿಗಾರ್ತಿಯ ಪೆಟ್ಟಿಗೆಯಲ್ಲಿರುವ ಗರಿಗಳು ಬಹುಮಟ್ಟಿಗೆ ಆ ಸದಸ್ಯೆಯರು ಕೊಟ್ಟ ಮಾತಿನ ಮಿತಿಯೊಳಗಿನವೇ: ಅಡುಗೆಮನೆ ಸೇರಿದ ಕೋಳಿ ಬಾತುಗಳದು, ಇಲ್ಲವೆ ಸಾಕಿದ ಉಷ್ಟ್ರಪಕ್ಷಿಯದು. ಬೆಳ್ಳಕ್ಕಿಯ ಗರಿ ತಾನಾಗಿಯೇ ಸುಂದರವಾಗಿದ್ದುದರಿಂದ ಅದನ್ನು ಸಿಕ್ಕಿಸಲು ವಿಶೇಷ ಪ್ರತಿಭೆ ಬೇಕಿರಲಿಲ್ಲ. ಹುಂಜದ ಬಾಲವನ್ನು ರಾಜಮನೆತನದ ಮದುವೆಗೆ ಯೋಗ್ಯವಾಗಿಸುವಲ್ಲಿ ಕುಶಲತೆಯೆಲ್ಲ ಕೈಯದೇ. ನಿಷೇಧವು ಕಲೆಯನ್ನು ಕೊಲ್ಲದೆ ಹರಿತಗೊಳಿಸಿತೆಂದು ನಾನು ತಿಳಿದಿದ್ದೇನೆ.

ಇಂಗ್ಲೆಂಡಿನಲ್ಲಿ ನೆಲೆಸಿರುವ ಮಕ್ಕಳ ಮೂಲಕ ಅಲ್ಲಿಯ ಮದುವೆಗೆ ಕರೆಯೋಲೆ ಪಡೆಯುವ ಕನ್ನಡ ತಾಯಂದಿರಿಗೆ ಎರಡು ಮಾತು. ರೇಷ್ಮೆ ಸೀರೆಗೂ ಮುಡಿದ ಹೂವಿಗೂ ಅಲ್ಲಿ ಗೌರವವಿದೆ. ಟೋಪಿಯೇ ಆಗಬೇಕೆಂಬ ಒತ್ತಾಯವಿಲ್ಲ. ಆಸೆಯಾದರೆ ಒಂದು ದಿನದ ಮಟ್ಟಿಗೆ ಬಾಡಿಗೆಗೆ ಕೊಡುವ ಟೋಪಿಯಂಗಡಿಗಳೂ ಅಲ್ಲಿ ಉಂಟು. ಆದರೆ ಹೇಗೂ ಗರಿಯ ಟೋಪಿಯಲ್ಲವೇ ಎಂದು ಊರಿನಿಂದ ನವಿಲುಗರಿಯನ್ನು ಪೆಟ್ಟಿಗೆಯಲ್ಲಿಟ್ಟು ಒಯ್ಯದಿರಿ. ಭಾರತದಿಂದ ಅದರ ರಫ್ತು ನಿಷಿದ್ಧ.