ಕರುಳಿನ ಬ್ಯಾಕ್ಟೀರಿಯಗಳು ಮದ್ದಿಗೆ ಮಣಿಯದಾದಾಗ

ತುಂಗಭದ್ರಾ ನಾಲೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು, ಅಶೋಕನ ಶಾಸನದಿಂದ ಹೆಸರಾದ ಮಸ್ಕಿ, ಹಟ್ಟಿಯ ಚಿನ್ನದ ಗಣಿಯಿರುವ ತಾಲ್ಲೂಕಿನ ಲಿಂಗಸುಗೂರು—ಇವುಗಳಲ್ಲಿ ಯಾವುದಾದರೊಂದು ಊರಿನಲ್ಲಿ ಒಬ್ಬನಿಗೆ ನೆಗಡಿಯಾಯಿತೆಂದು ಭಾವಿಸೋಣ. ವೈದ್ಯರನ್ನು ಕಾಣದೆ ಅವನು ನಾಲ್ಕು ಆಂಟಿಬಯೋಟಿಕ್ ಗುಳಿಗೆಗಳನ್ನು ಕೊಂಡು ನುಂಗುತ್ತಾನೆ. ಅದೇ ಓಣಿಯ ಮತ್ತೊಬ್ಬರು ದೊಡ್ಡ ಕರುಳಿನ ಕ್ಯಾನ್ಸರಿಗಾಗಿ ಕಲಬುರಗಿಗೋ ಬೆಂಗಳೂರಿಗೋ ಹೋಗಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಈ ಎರಡು ಸಂಗತಿಗಳಿಗೆ ಏನಾದರೂ ಸಂಬಂಧವುಂಟೆ? ಉಂಟು. ಅದನ್ನು ತಿಳಿಯಬೇಕಾದರೆ ಕರುಳಿನೊಳಗಿನ ಜೀವಲೋಕವನ್ನು ನಾವು ಪರಿಚಯ ಮಾಡಿಕೊಳ್ಳಬೇಕು.

2016ರಲ್ಲಿ ಪ್ರಕಟವಾದ ಅಂದಾಜಿನಂತೆ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ. ಇವುಗಳಲ್ಲಿ ಬಹುಭಾಗದ ನೆಲೆ ದೊಡ್ಡ ಕರುಳು. ಕರುಳಿನ ಗೋಡೆ ಭದ್ರವಾಗಿರುವವರೆಗೆ ಅವು ನಿರುಪದ್ರವಿಗಳು. ಕೆಲವು ನಮಗೆ ಉಪಕಾರಿಗಳೂ ಹೌದು. ಆಹಾರ ಯಥೇಚ್ಛವಾಗಿದ್ದರೆ 'ಇ. ಕೋಲೈ' ಬ್ಯಾಕ್ಟೀರಿಯ 20 ನಿಮಿಷಗಳಿಗೊಮ್ಮೆ ಇಬ್ಭಾಗವಾಗಬಲ್ಲುದು. ಲೆಕ್ಕ ಮಾಡಿ ನೋಡೋಣ: 10 ಗಂಟೆಗಳಲ್ಲಿ 30 ಬಾರಿ ಇಮ್ಮಡಿಸಿ, ಒಂದು 107 ಕೋಟಿಯಾಗುತ್ತದೆ! ಇಷ್ಟು ದೊಡ್ಡ ಸಂತತಿಯಲ್ಲಿ ಆಕಸ್ಮಿಕ ಮಾರ್ಪಾಟಿನಿಂದ ಮದ್ದಿಗೆ ಜಗ್ಗದ ಒಂದೆರಡು ಹುಟ್ಟುವುದು ಆಶ್ಚರ್ಯವಲ್ಲ. ಔಷಧಿಯು ಉಳಿದವನ್ನು ಕೊಲ್ಲುತ್ತದೆ. ತೆರವಾದ ಜಾಗವನ್ನು ಇವುಗಳ ಸಂತಾನ ಆಕ್ರಮಿಸುತ್ತದೆ.

ಇಷ್ಟೇ ಅಲ್ಲ. ಈ ನಿರೋಧಶಕ್ತಿಯನ್ನು ಹೊತ್ತ 'ಪ್ಲಾಸ್ಮಿಡ್' ಎಂಬ ಉಂಗುರದಂಥ ಡಿಎನ್‌ಎ ತುಣುಕನ್ನು ಒಂದು ಬ್ಯಾಕ್ಟೀರಿಯ ಬೇರೊಂದು ಜಾತಿಯದಕ್ಕೂ ಕೊಡಬಲ್ಲುದು. ಆಮಶಂಕೆಯ ಬ್ಯಾಕ್ಟೀರಿಯಕ್ಕೂ ಇ. ಕೋಲೈಗೂ ನಡುವೆ ನಿರೋಧಶಕ್ತಿ ಹೀಗೆ ಕೈಬದಲಾಗುವುದನ್ನು ಜಪಾನಿನ ವಿಜ್ಞಾನಿಗಳು 1959ರಲ್ಲಿ ಕಂಡುಕೊಂಡರು.

ಈಗ ಕ್ಯಾನ್ಸರ್ ರೋಗಿಯ ಕಡೆಗೆ ಬರೋಣ. ಬೇಗಬೇಗನೆ ವಿಭಜಿಸುವ ಜೀವಕೋಶಗಳನ್ನು ಕೊಲ್ಲುವುದು ಅನೇಕ ಕ್ಯಾನ್ಸರ್ ಔಷಧಿಗಳ ಕೆಲಸ. ಆದರೆ ಕರುಳಿನ ಒಳಪೊರೆಯ ಕೋಶಗಳೂ ಬಿಳಿಯ ರಕ್ತಕಣಗಳನ್ನು ಹೆರುವ ಮಜ್ಜೆಯ ಕೋಶಗಳೂ ಹಾಗೆಯೇ ವಿಭಜಿಸುತ್ತವೆ. ಹೀಗಾಗಿ ಕೋಟೆಯ ಗೋಡೆ ಸಡಿಲಗೊಳ್ಳುವ ಹೊತ್ತಿಗೇ ಕಾವಲುಗಾರರ ಸಂಖ್ಯೆಯೂ ಕುಗ್ಗುತ್ತದೆ. ಆಗ ಕರುಳಿನ ಬ್ಯಾಕ್ಟೀರಿಯಗಳು ರಕ್ತಕ್ಕೆ ನುಗ್ಗಿದರೆ, ಪ್ರಯೋಗಾಲಯದ ಪೂರ್ಣ ವರದಿಗೆ ಕಾಯದೆ ವೈದ್ಯರು ಕೂಡಲೇ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಅದು ನಾಟದಿದ್ದರೆ, ಕ್ಯಾನ್ಸರಿನಿಂದ ಪಾರಾಗಬಹುದಾಗಿದ್ದವರು ಸೋಂಕಿಗೆ ಬಲಿಯಾಗಬಹುದು. ಕರುಳನ್ನು ಕತ್ತರಿಸಿ ಹೊಲಿಯುವ ಶಸ್ತ್ರಚಿಕಿತ್ಸೆಗೂ ಆಂಟಿಬಯೋಟಿಕ್ಕಿನ ರಕ್ಷಣೆ ಬೇಕು.

ಮದ್ದಿಗೆ ಮಣಿಯದ ಬ್ಯಾಕ್ಟೀರಿಯಗಳು ಮಲದೊಡನೆ ಹೊರಬಿದ್ದು ಚರಂಡಿ, ನೀರು, ಕೈಗಳ ಮೂಲಕ ಒಬ್ಬರಿಂದೊಬ್ಬರಿಗೆ ಸಾಗುತ್ತವೆ. ಒಬ್ಬನು ನುಂಗಿದ ಗುಳಿಗೆ ನೆರೆಯವರ ಕರುಳಿಗೂ ಸಂಬಂಧಿಸಿದ್ದೆಂಬುದು ಹೀಗೆ. 2017ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ, ದಕ್ಷಿಣ ಏಷ್ಯಾಕ್ಕೆ ಬಂದುಹೋದ ಪ್ರವಾಸಿಗಳ ಪೈಕಿ ನಾಲ್ವರಲ್ಲಿ ಸುಮಾರು ಮೂವರ ಕರುಳಿನಲ್ಲಿ, ಪೆನಿಸಿಲಿನ್ ವರ್ಗದ ಹಲವು ಔಷಧಿಗಳನ್ನು ಒಡೆದುಹಾಕುವ ಬ್ಯಾಕ್ಟೀರಿಯಗಳು ಹೊಸದಾಗಿ ನೆಲೆಸಿದ್ದವು. ಬಂದುಹೋಗುವ ಅತಿಥಿಗಳ ಗತಿ ಇದಾದರೆ, ಇಲ್ಲಿಯೇ ಬಾಳುವ ನಮ್ಮ ಪಾಡನ್ನು ವಾಚಕರೇ ಊಹಿಸಬಹುದು.

2014ರ ಮಾರ್ಚ್ 1ರಂದು ಜಾರಿಗೆ ಬಂದ 'ಎಚ್-1' ಅನುಸೂಚಿಯಂತೆ, ಹಲವು ಪ್ರಬಲ ಆಂಟಿಬಯೋಟಿಕ್‌ಗಳನ್ನು ಮಾರುವಾಗ ವೈದ್ಯರ ಚೀಟಿ ಬೇಕು. ರೋಗಿಯ ಮತ್ತು ವೈದ್ಯರ ಹೆಸರುಗಳನ್ನು ಅಂಗಡಿಯವರು ದಾಖಲಿಸಿ 3 ವರ್ಷ ಕಾಪಾಡಬೇಕು. ಆದರೆ ಕಾನೂನೊಂದೇ ಸಾಲದು. ನೆಗಡಿಯನ್ನು ತರುವುದು ವೈರಸ್ಸು. ಆಂಟಿಬಯೋಟಿಕ್ ಅದನ್ನು ಮುಟ್ಟಲಾರದು. ಚೀಟಿಯಿಲ್ಲದೆ ಕೊಳ್ಳದಿರುವುದು, ಕೊಟ್ಟುದನ್ನು ವೈದ್ಯರು ಹೇಳಿದಷ್ಟು ದಿನ ಸೇವಿಸುವುದು, ಶೌಚದ ಅನಂತರ ಸಾಬೂನಿನಿಂದ ಕೈ ತೊಳೆಯುವುದು, ಶುದ್ಧ ನೀರನ್ನು ಕುಡಿಯುವುದು—ಇಷ್ಟನ್ನು ವಿದ್ಯಾರ್ಥಿಗಳು ತಾವು ಪಾಲಿಸಿ ಮನೆಯವರಿಗೂ ತಿಳಿಸಿದರೆ, ಕಾಣದ ರೋಗಿಯೊಬ್ಬರ ಪ್ರಾಣಕ್ಕೆ ಅದೂ ಒಂದು ಕಾವಲಾದೀತು.