ಬಿಲ್ಡ್ ಸ್ಕ್ರಿಪ್ಟನ್ನು ಓದುವವರು ಯಾರು?

2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ಪೋಸ್ಟ್‌ಗ್ರೆಸ್ ಡೇಟಾಬೇಸಿನ ವೇಗ ಅಳೆಯುತ್ತಿದ್ದರು. ಅವರ ಡೆಬಿಯನ್ ಲಿನಕ್ಸ್ ಯಂತ್ರದಲ್ಲಿ, ದೂರದಿಂದ ಸುರಕ್ಷಿತವಾಗಿ ಒಳಬರಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಯಾಕೋ ತಡವಾಗುತ್ತಿತ್ತು. 0.3 ಸೆಕೆಂಡಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ 0.8 ಸೆಕೆಂಡು! ಆ ಅರ್ಧ ಸೆಕೆಂಡಿನ ಬೆನ್ನು ಹತ್ತಿ ಹೋದ ಅವರು ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದ್ದಿಷ್ಟು: ಫೈಲುಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಮುಕ್ತ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಕೊರೆದಿದ್ದಾರೆ.

ಆ ಬಾಗಿಲು ಅಡಗಿದ್ದ ಜಾಗವೇ ಇಲ್ಲಿ ಮುಖ್ಯ. ಎಕ್ಸ್‌ಝಡ್‌ನ ಸಿ ಕೋಡನ್ನು ಎಷ್ಟು ಓದಿದರೂ ಅದು ಸಿಗುತ್ತಿರಲಿಲ್ಲ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಬಿಲ್ಡ್ ಸ್ಕ್ರಿಪ್ಟ್. ಮನುಷ್ಯರು ಬರೆದ ಸೋರ್ಸ್ ಕೋಡನ್ನು ಯಂತ್ರ ಓಡಿಸಬಲ್ಲ ಪ್ರೋಗ್ರಾಮ್ ಆಗಿಸಲು ಯಾವ ಲೈಬ್ರರಿ ಬೇಕು, ಯಾವ ಫೈಲನ್ನು ಮೊದಲು ಕಂಪೈಲ್ ಮಾಡಬೇಕು, ಯಾವ ಪ್ಯಾಚ್ (ಮೂಲ ಕೋಡಿಗೆ ಮಾಡುವ ತಿದ್ದುಪಡಿ) ಹಚ್ಚಬೇಕು ಎಂದು ಹೇಳುವ ಆಜ್ಞೆಗಳ ಸರಣಿ ಅದು. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ ‘ಮೇಕ್’ ಇಂದಿಗೂ ಬಳಕೆಯಲ್ಲಿದೆ. ಡೆಬಿಯನ್‌ನಲ್ಲಿ ‘ರೂಲ್ಸ್’ ಫೈಲು, ಆರ್ಚ್‌ನಲ್ಲಿ ‘ಪಿಕೆಜಿಬಿಲ್ಡ್’, ಜೆಂಟೂದಲ್ಲಿ ‘ಇಬಿಲ್ಡ್’, ಹೀಗೆ ಒಂದೊಂದು ಲಿನಕ್ಸ್ ವಿತರಣೆಗೂ ಅದರದೇ ರೀತಿ.

ಎಕ್ಸ್‌ಝಡ್‌ನ ದುಷ್ಟ ಕೋಡು ಪರೀಕ್ಷೆಗೆಂದು ಇಟ್ಟ ಬೈನರಿ ಫೈಲುಗಳೊಳಗೆ ಮುದುಡಿ ಕೂತಿತ್ತು. ಅದನ್ನು ಬಿಚ್ಚುವ ಸಾಲು ಬಿಲ್ಡ್ ಸ್ಕ್ರಿಪ್ಟಿನ ಭಾಗವಾದ ಒಂದು ಎಂ4 ಫೈಲಿನಲ್ಲಿತ್ತು. ಆ ಸಾಲು ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆಯ ಟಾರ್ ಕಡತದಲ್ಲಷ್ಟೇ ಇತ್ತು. ಸ್ಕ್ರಿಪ್ಟ್ ಮೊದಲು ಸುತ್ತಮುತ್ತ ನೋಡುತ್ತಿತ್ತು: ಇದು 64 ಬಿಟ್‌ನ ಲಿನಕ್ಸೇ? ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜ್ ತಯಾರಾಗುತ್ತಿದೆಯೇ? ಅಲ್ಲವೆಂದಾದರೆ ಸುಮ್ಮನಿರುತ್ತಿತ್ತು.

ಚೆಕ್‌ಸಮ್ ಇತ್ತಲ್ಲ ಎಂದು ಕೇಳಬಹುದು. ಲೇಖಕರು ಬಿಟ್ಟ ಕಡತವೇ ನಮ್ಮ ಕೈಗೆ ಬಂದಿದೆ ಎಂಬುದನ್ನಷ್ಟೇ ಚೆಕ್‌ಸಮ್ ಖಾತ್ರಿ ಮಾಡುತ್ತದೆ. ಬಿಟ್ಟವರೇ ವಿಷ ಬೆರೆಸಿದ್ದರೆ ಅದು ನಿರುಪಯೋಗಿ.

ಇನ್ನೊಂದು ಎಳೆ ನನ್ನನ್ನು ಹೆಚ್ಚು ಕಾಡುತ್ತದೆ. ಎಸ್‌ಎಸ್‌ಎಚ್ ಸೇವೆ ಒದಗಿಸುವ ಓಪನ್‌ಎಸ್‌ಎಸ್‌ಎಚ್‌ಗೂ ಎಕ್ಸ್‌ಝಡ್‌ಗೂ ಮೂಲದಲ್ಲಿ ಸಂಬಂಧವೇ ಇಲ್ಲ. ಸರ್ವರ್ ಸಿದ್ಧವಾಗಿದೆ ಎಂದು, ಲಿನಕ್ಸಿನಲ್ಲಿ ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿಗೆ ತಿಳಿಸಲು ಡೆಬಿಯನ್, ಫೆಡೊರಾ ಮೊದಲಾದವು ತಾವೇ ಒಂದು ಪ್ಯಾಚ್ ಹಚ್ಚಿಕೊಂಡಿದ್ದವು. ಅದು ಸಿಸ್ಟಮ್‌ಡಿಯ ಲೈಬ್ರರಿಯನ್ನು ಎಳೆದುತಂದಿತು, ಆ ಲೈಬ್ರರಿ ಎಕ್ಸ್‌ಝಡ್‌ನದನ್ನು. ಒಂದು ಪುಟ್ಟ ಸಂದೇಶ ಕಳಿಸಲು ಇಷ್ಟೆಲ್ಲ! ಆ ಪ್ಯಾಚ್ ಹಚ್ಚದ ಆರ್ಚ್‌ನಲ್ಲಿ ಎಸ್‌ಎಸ್‌ಎಚ್ ತಲುಪುವ ಈ ದಾರಿಯೇ ಇರಲಿಲ್ಲ. ಘಟನೆಯ ನಂತರ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಯಾವ ಲೈಬ್ರರಿಯ ಹಂಗೂ ಇಲ್ಲದೆ ಆ ಸಂದೇಶ ಕಳಿಸುವ ಸೌಲಭ್ಯ ಬಂತು. ಅಗತ್ಯಕ್ಕೆ ತಕ್ಕಂತೆ ತಂತ್ರಾಂಶವನ್ನು ಮಾರ್ಪಡಿಸುವುದು ಮುಕ್ತ ತಂತ್ರಾಂಶದ ದೊಡ್ಡ ಹಕ್ಕು, ಅದನ್ನು ಬಿಟ್ಟುಕೊಡಬೇಕಿಲ್ಲ. ಆದರೆ ಹಚ್ಚಿದ ಪ್ಯಾಚನ್ನು ಮತ್ತೆ ಪರಿಶೀಲಿಸುವ ಹೊಣೆಯೂ ಹಚ್ಚಿದವರದೇ.

ಇದೇ ಎಕ್ಸ್‌ಝಡ್‌ನಲ್ಲಿ, ಸಿಮೇಕ್ ಎಂಬ ಬಿಲ್ಡ್ ಸಾಧನದ ಫೈಲಿನಲ್ಲಿ ಇನ್ನೊಂದು ಕೈಚಳಕ ನಡೆದಿತ್ತು. ಲ್ಯಾಂಡ್‌ಲಾಕ್ ಎಂಬ ಸುರಕ್ಷಾ ಕವಚ ಲಭ್ಯವಿದೆಯೇ ಎಂದು ನೋಡುವ ಪರೀಕ್ಷಾ ಕೋಡಿನಲ್ಲಿ ಒಂದೇ ಒಂದು ಚುಕ್ಕಿ ಸೇರಿತ್ತು. ಚುಕ್ಕಿಯಿಂದ ಕಂಪೈಲ್ ವಿಫಲವಾಗುತ್ತಿತ್ತು, ಕವಚ ಇಲ್ಲವೆಂದು ಭಾವಿಸಿ ಬಿಲ್ಡ್ ಮುಂದುವರಿಯುತ್ತಿತ್ತು.

ಎಕ್ಸ್‌ಝಡ್ ಅನ್ನು ವರ್ಷಗಟ್ಟಲೆ ನಿಭಾಯಿಸಿದ್ದು ಲಾಸೆ ಕೊಲಿನ್ ಎಂಬ ಒಬ್ಬ ಸ್ವಯಂಸೇವಕ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವಾಗುತ್ತ, ಅದರ ನಡುವೆ ಬಿಡುಗಡೆಯ ಅಧಿಕಾರವನ್ನೂ ಪಡೆದು ಈ ಹಿಂಬಾಗಿಲು ಕೊರೆದವರು ನಿಜಕ್ಕೂ ಯಾರೆಂದು ಗೊತ್ತಾಗಿಲ್ಲ. ದಣಿದ ಒಬ್ಬರ ಹೆಗಲ ಮೇಲೆ ಇಷ್ಟು ಭಾರ ಬಿಟ್ಟದ್ದು ಬಳಸಿದ ನಮ್ಮೆಲ್ಲರ ತಪ್ಪು.

ನೀವು ಒಂದು ಪ್ಯಾಕೇಜನ್ನಾದರೂ ನಿಭಾಯಿಸುತ್ತಿದ್ದರೆ ಟಾರ್ ಕಡತವನ್ನು ಗಿಟ್ ಭಂಡಾರದೊಂದಿಗೆ ಹೋಲಿಸಿ ನೋಡಿ. ಪ್ರತಿ ಪ್ಯಾಚಿನ ಮೇಲೆ ಅದು ಯಾಕೆ ಬಂತೆಂದು ಬರೆದಿಡಿ. ಕಾರಣ ಮುಗಿದ ದಿನ ಪ್ಯಾಚನ್ನು ತೆಗೆದುಹಾಕಿ. ಬೇರೆಯವರ ಬಿಲ್ಡ್ ಸ್ಕ್ರಿಪ್ಟ್ ಬಳಸುವವರಾದರೆ, ಓಡಿಸುವ ಮೊದಲು ದಯವಿಟ್ಟು ಅದನ್ನು ಪೂರ್ತಿ ಓದಿ.