ಹೊರನಾಡಿನ ಮಗನೂ ಊರಿನ ಹೊಲವೂ

ಪರದೇಶದ ಪ್ರಜೆಯೊಬ್ಬ ನೆಲ ಕೊಳ್ಳುವ ಮಾತೆತ್ತಿದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಲಂಡನ್ನಿನ ಮನೆಯೋ ದುಬಾಯಿಯ ಮಹಡಿಯೋ ಆಗಿರುತ್ತದೆ. ಆದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳಿಗೂ ಪರದೇಶದ ಪ್ರಜೆಗಳು ನೆಲ ಕೇಳಿಕೊಂಡು ಬರುತ್ತಾರೆ. ಅವರಲ್ಲಿ ಈ ಸೀಮೆಯಲ್ಲಿಯೇ ಹುಟ್ಟಿ, ಇಲ್ಲಿಯ ರಾಗಿಯನ್ನೇ ಉಂಡು ಬೆಳೆದವರೂ ಇದ್ದಾರೆ. ಓದಿಗೆಂದು ಹೋದರು, ಕೆಲಸಕ್ಕೆಂದು ನಿಂತರು, ಮಕ್ಕಳ ಅನುಕೂಲಕ್ಕೆಂದು ಅಲ್ಲಿಯ ಪೌರತ್ವವನ್ನು ಪಡೆದರು. ಊರಿಗೆ ಬಂದಾಗ ಅಪ್ಪನ ಹೊಲದ ಪಕ್ಕದ ಎರಡು ಎಕರೆ ಮಾರಾಟಕ್ಕಿದೆಯೆಂದು ತಿಳಿದು, ಅದನ್ನು ಕೊಳ್ಳುವ ಆಸೆ ಮಾಡುತ್ತಾರೆ. ಆ ಆಸೆ ಸಹಜವಾದದ್ದು. ಅದು ಎಲ್ಲಿಯವರೆಗೆ ಕಾನೂನಿಗೆ ಸಮ್ಮತ, ಎಲ್ಲಿ ಅದಕ್ಕೆ ತಡೆ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಈ ಪ್ರಶ್ನೆಯನ್ನು ನನ್ನಲ್ಲಿಗೆ ತರುವ ತಂದೆತಾಯಿಯರಿಗೆ ನಾನು ಮೊದಲು ಮೂರು ಮಾತು ಕೇಳುತ್ತೇನೆ. ಕೊಳ್ಳುವವನು ಈಗ ಯಾವ ದೇಶದ ಪ್ರಜೆ? ಅವನ ವಾಸ ಎಲ್ಲಿ? ಕೊಳ್ಳಬೇಕೆಂದಿರುವ ನೆಲ ದಾಖಲೆಯಲ್ಲಿ ಯಾವ ಬಗೆಯದು? ಹಣವೆಷ್ಟು ಎಂಬುದು ಆಮೇಲಿನ ಪ್ರಶ್ನೆ. ಈ ಮೂರಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಗೊಂದಲ ಕಳೆಯುತ್ತದೆ.

ಮೊದಲನೆಯದು ಪೌರತ್ವ. ತಾನಾಗಿಯೇ ಬೇರೊಂದು ದೇಶದ ಪೌರತ್ವವನ್ನು ಪಡೆದವನು ಭಾರತದ ಪೌರನಾಗಿ ಉಳಿಯುವುದಿಲ್ಲ. ಸಂವಿಧಾನದ 9ನೆಯ ವಿಧಿಯೂ 1955ರ ಪೌರತ್ವ ಕಾನೂನೂ ಇದನ್ನು ಸ್ಪಷ್ಟವಾಗಿ ಹೇಳುತ್ತವೆ. 2006ರಿಂದ ಕೊಡಲಾಗುತ್ತಿರುವ ಓಸಿಐ ಕಾರ್ಡನ್ನು ಎಷ್ಟೋ ಜನ ಎರಡನೆಯ ಪೌರತ್ವವೆಂದೇ ಭಾವಿಸಿದ್ದಾರೆ. ಹೆಸರಿನಲ್ಲಿ ಪೌರತ್ವದ ಮಾತಿದ್ದರೂ ಅದು ಪೌರತ್ವವಲ್ಲ. ಜೀವನಪರ್ಯಂತ ಬಂದು ಹೋಗುವುದಕ್ಕೆ ಮತ್ತು ಕೆಲವು ವ್ಯವಹಾರಗಳಿಗೆ ಕೊಟ್ಟ ಅನುಮತಿ ಅಷ್ಟೆ. ಮತದಾನದ ಹಕ್ಕು ಅದರಲ್ಲಿಲ್ಲ. ಹೊಲ ಕೊಳ್ಳುವ ಹಕ್ಕೂ ಇಲ್ಲ.

ಹಾಗಾದರೆ ಏನನ್ನು ಕೊಳ್ಳಬಹುದು? 1999ರಲ್ಲಿ ರಚಿತವಾಗಿ 2000ದ ಜೂನ್ 1ರಿಂದ ಜಾರಿಗೆ ಬಂದ ವಿದೇಶೀ ವಿನಿಮಯ ನಿರ್ವಹಣಾ ಕಾನೂನು, ಅದರ ಅಡಿಯಲ್ಲಿ 2019ರಲ್ಲಿ ಹೊರಡಿಸಿದ ನಿಯಮಗಳು, ಇವೆರಡೂ ಈ ವಿಷಯಕ್ಕೆ ಆಧಾರ. ಓಸಿಐ ಕಾರ್ಡುಳ್ಳವನು ಮನೆ, ನಿವೇಶನ, ಅಂಗಡಿ ಮಳಿಗೆಗಳನ್ನು ರಿಸರ್ವ್ ಬ್ಯಾಂಕಿನ ಪ್ರತ್ಯೇಕ ಅನುಮತಿಯಿಲ್ಲದೆ ಕೊಳ್ಳಬಹುದು. ಹಣ ಮಾತ್ರ ಬ್ಯಾಂಕಿನ ದಾರಿಯಲ್ಲಿಯೇ ಬರಬೇಕು: ಹೊರಗಿನಿಂದ ನೇರವಾಗಿ ಬ್ಯಾಂಕಿಗೆ ಬರಬೇಕು, ಇಲ್ಲವೇ ಅನಿವಾಸಿಗಳಿಗೆಂದೇ ಇರುವ ಖಾತೆಗಳಿಂದ ಬರಬೇಕು. ಜೇಬಿನಲ್ಲಿ ತಂದ ಡಾಲರ್ ನೋಟುಗಳನ್ನು ಎಣಿಸಿ ಕೊಡುವಂತಿಲ್ಲ. ಮುಂದೆ ಆ ಆಸ್ತಿಯನ್ನು ಮಾರಿ ಹಣವನ್ನು ಹೊರಗೆ ಒಯ್ಯಬೇಕಾಗಿ ಬಂದಾಗ, ಹಣ ಬಂದ ದಾರಿಯನ್ನು ತೋರಿಸುವ ಈ ಬ್ಯಾಂಕಿನ ಕಾಗದಗಳೇ ಸಾಕ್ಷಿ ಹೇಳುತ್ತವೆ. ಭಾರತದ ಮೂಲವೇ ಇಲ್ಲದೆ ಹೊರದೇಶದಲ್ಲಿ ವಾಸವಾಗಿರುವ ಪರದೇಶೀಯನಿಗಾದರೋ ಇಷ್ಟು ಸ್ವಾತಂತ್ರ್ಯವೂ ಇಲ್ಲ. ಐದು ವರ್ಷ ಮೀರದ ಗುತ್ತಿಗೆಯಲ್ಲಿಯೇ ಅವನು ಸಾಮಾನ್ಯವಾಗಿ ತೃಪ್ತನಾಗಬೇಕು.

ಕೊಳ್ಳಲಾಗದವು ಮೂರು: ಕೃಷಿಭೂಮಿ, ತೋಟದ ಮನೆ, ಕಾಫಿ ಚಹಾದಂಥ ಪ್ಲಾಂಟೇಶನ್ ಆಸ್ತಿ. ಓಸಿಐ ಕಾರ್ಡಿನೊಡನೆ ಬರುವ ಹಕ್ಕುಗಳನ್ನು ತಿಳಿಸುವ 2021ರ ಮಾರ್ಚ್ ತಿಂಗಳ ಅಧಿಸೂಚನೆಯೂ ಈ ಮೂರನ್ನು ಹೆಸರು ಹಿಡಿದು ಹೊರಗಿಟ್ಟಿದೆ. ಭಾರತದ ಪೌರನಾಗಿಯೇ ಉಳಿದು ಹೊರದೇಶದಲ್ಲಿ ನೆಲೆಸಿರುವ ಅನಿವಾಸಿಗೂ ಇದೇ ತಡೆಯುಂಟು. ಅವನಾದರೋ ಊರಿಗೆ ಮರಳಿ ನೆಲೆ ನಿಂತರೆ ಆ ತಡೆ ತಾನಾಗಿಯೇ ಕಳಚಿಕೊಳ್ಳುತ್ತದೆ. ಪೌರತ್ವ ಬಿಟ್ಟವನ ಕಾರ್ಡಿಗೆ ಅಂಟಿಕೊಂಡ ತಡೆ ಊರಿಗೆ ಬಂದ ಮಾತ್ರಕ್ಕೆ ಹೋಗುವಂಥದಲ್ಲ.

ನಮ್ಮ ನಾಡಿನಲ್ಲಿ ಈ ವಿಷಯ ಗೋಜಲಾದದ್ದಕ್ಕೆ ಒಂದು ಕಾರಣವಿದೆ. 1961ರ ಕರ್ನಾಟಕ ಭೂಸುಧಾರಣಾ ಕಾನೂನು 1974ರ ತಿದ್ದುಪಡಿಯಿಂದ ನಿಜವಾದ ಬಲ ಪಡೆಯಿತು. ಉಳುವವನೇ ಹೊಲದೊಡೆಯ ಎಂಬ ಮಾತು ಮನೆಮಾತಾದದ್ದು ಆಗ. ಕೃಷಿಕನಲ್ಲದವನು, ಬೇರೆ ವರಮಾನ ಹೆಚ್ಚಿದ್ದವನು ಹೊಲ ಕೊಳ್ಳುವಂತಿರಲಿಲ್ಲ. 2020ರಲ್ಲಿ ರಾಜ್ಯವು ಈ ನಿರ್ಬಂಧಗಳನ್ನು ತೆಗೆದುಹಾಕಿತು. ಒಡನೆಯೇ "ಇನ್ನು ಯಾರು ಬೇಕಾದರೂ ಹೊಲ ಕೊಳ್ಳಬಹುದು" ಎಂಬ ಮಾತು ಹಬ್ಬಿತು. ಹೊರದೇಶದಲ್ಲಿರುವ ನಮ್ಮ ಮಕ್ಕಳೂ ಆ "ಯಾರು ಬೇಕಾದರೂ" ಎಂಬುದರಲ್ಲಿ ತಮ್ಮನ್ನು ಸೇರಿಸಿಕೊಂಡರು. ಆದರೆ ಹೊಲಕ್ಕೆ ಎರಡು ಬಾಗಿಲುಗಳಿವೆ. ರಾಜ್ಯ ತೆರೆದದ್ದು ತನ್ನ ಬಾಗಿಲನ್ನು. ಕೇಂದ್ರದ ವಿದೇಶೀ ವಿನಿಮಯ ಕಾನೂನಿನ ಬಾಗಿಲು ಮೊದಲಿನಂತೆಯೇ ಮುಚ್ಚಿದೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಣ ನೆಲದ ಸ್ವರೂಪವೇ ಬದಲಾಗುತ್ತ ಬಂದಿದೆ. ಹೊಲಗಳ ನಡುವೆ ಕಲ್ಲು ನೆಟ್ಟು, ಮಾವು ಸಪೋಟ ಸಸಿಗಳನ್ನಿಟ್ಟು, ತೋಟದ ತುಂಡುಗಳೆಂದು ಮಾರುವವರಿದ್ದಾರೆ. ಜಾಹೀರಾತಿನ ಚಿತ್ರದಲ್ಲಿ ಅದು ನಿವೇಶನದಂತೆಯೇ ಕಾಣುತ್ತದೆ. ಪಹಣಿಯಲ್ಲಿ ಅದು ಇನ್ನೂ ಖುಷ್ಕಿಯೋ ತರಿಯೋ ಬಾಗಾಯ್ತೋ ಆಗಿದ್ದರೆ, ಬೇಲಿ ಎಷ್ಟೇ ಚೆಂದವಿರಲಿ, ಕಾನೂನಿನ ಕಣ್ಣಿಗೆ ಕೃಷಿಭೂಮಿಯೇ. 1964ರ ಭೂಕಂದಾಯ ಕಾನೂನಿನ 95ನೆಯ ಕಲಮಿನಂತೆ ಭೂಪರಿವರ್ತನೆಯಾಗಿರಬೇಕು. ಆ ಆಜ್ಞೆಯ ದಿನಾಂಕ ಕ್ರಯಪತ್ರದ ದಿನಾಂಕಕ್ಕಿಂತ ಹಿಂದಿನದಾಗಿರಬೇಕು. ಮೊದಲು ಕೊಂಡು ಆಮೇಲೆ ಪರಿವರ್ತನೆ ಮಾಡಿಸಿಕೊಳ್ಳುತ್ತೇನೆಂಬ ಪರದೇಶದ ಪ್ರಜೆ, ಕೊಂಡ ದಿನವೇ ನಿಯಮ ಮೀರಿರುತ್ತಾನೆ.

ಇನ್ನು, ತಂದೆಯ ಹೊಲದ ಮಾತು. ಕೊಳ್ಳಲಾಗದಿದ್ದರೆ ದಾನವಾಗಿ ಪಡೆಯಬಹುದಲ್ಲವೇ ಎಂದು ಕೇಳುವವರುಂಟು. ಹೊಸಕೋಟೆಯ ಕಡೆಯ ಒಬ್ಬ ರೈತನಿಗೆ ಇಬ್ಬರು ಮಕ್ಕಳೆಂದು ಭಾವಿಸೋಣ. ಮಗಳು ಊರಿನಲ್ಲಿದ್ದು ಬೇಸಾಯ ನೋಡಿಕೊಳ್ಳುತ್ತಾಳೆ. ಮಗ ಅಮೆರಿಕದ ಪ್ರಜೆ. ತಂದೆ ತಾನಿರುವಾಗಲೇ ಮಗನಿಗೆ ಮನೆಯನ್ನು ದಾನಪತ್ರ ಮಾಡಿಕೊಡಬಹುದು; ಹೊಲವನ್ನು ಮಾಡಿಕೊಡುವಂತಿಲ್ಲ. ಆದರೆ ಅದೇ ತಂದೆ ತೀರಿಕೊಂಡ ಮೇಲೆ ಅದೇ ಹೊಲ ವಾರಸಿಕೆಯಿಂದಾಗಲಿ ಉಯಿಲಿನಿಂದಾಗಲಿ ಅದೇ ಮಗನಿಗೆ ಸಲ್ಲಬಹುದು. ಬದುಕಿರುವ ತಂದೆ ಕೊಡಲಾಗದ್ದನ್ನು ಸಾವು ಕೊಡಿಸುತ್ತದೆ. ಈ ನಿಯಮವನ್ನು ಓದುವಾಗಲೆಲ್ಲ ನನಗೆ ಒಂದು ಬಗೆಯ ವ್ಯಥೆಯಾಗುತ್ತದೆ. ಆದರೂ ಇದರ ಹಿಂದೆ ತರ್ಕವಿಲ್ಲದೆ ಇಲ್ಲ. ಕೊಳ್ಳುವುದೂ ದಾನ ಪಡೆಯುವುದೂ ಮನುಷ್ಯನ ಇಚ್ಛೆಯ ಕೆಲಸ. ಹಣ ಕೊಟ್ಟು ಕೊಂಡದ್ದನ್ನು ದಾನವೆಂದು ಕರೆಯುವುದು ಕಷ್ಟವೇನಲ್ಲ. ವಾರಸಿಕೆ ಹಾಗಲ್ಲ. ಅದು ಹುಟ್ಟಿನಿಂದ ಬಂದ ಸಂಬಂಧ. ಅದನ್ನು ಕಾನೂನು ಕಡಿಯಲು ಹೋಗಿಲ್ಲ. ಹೀಗೆ ಬಂದ ಹೊಲವನ್ನು ಅವನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸವಾಗಿರುವ ಭಾರತದ ಪೌರನಿಗೇ ಮಾರಬೇಕು. ತನ್ನಂತೆಯೇ ಹೊರನಾಡಿನಲ್ಲಿರುವ ಗೆಳೆಯನಿಗೆ ಮಾರುವಂತಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು ಒಳದಾರಿ ಹುಡುಕುತ್ತಾರೆ. ಹಣ ತಮ್ಮದು, ಹೆಸರು ಭಾವನದು. ಇದಕ್ಕೆ ನಮ್ಮಲ್ಲಿ ಬೇನಾಮಿ ಎಂಬ ಹಳೆಯ ಹೆಸರೇ ಇದೆ. 1988ರ ಬೇನಾಮಿ ನಿಷೇಧ ಕಾನೂನನ್ನು 2016ರಲ್ಲಿ ಬಿಗಿಗೊಳಿಸಲಾಯಿತು. ಅಂಥ ಆಸ್ತಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಒಂದರಿಂದ ಏಳು ವರ್ಷದವರೆಗೆ ಸೆರೆವಾಸವೂ ಉಂಟು. ಮುಂದೊಂದು ದಿನ ಭಾವ ಮನಸ್ಸು ಬದಲಾಯಿಸಿದರೆ, ನಿಜವಾದ ಒಡೆಯ ನಾನೆಂದು ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕೂ ಇರುವುದಿಲ್ಲ. ಬರಿಯ ಮುಖ್ತಿಯಾರ್ ಪತ್ರ ಬರೆಸಿಕೊಂಡು ಹೊಲ ನನ್ನದಾಯಿತೆಂದು ತಿಳಿಯುವುದೂ ತಪ್ಪು. ಅಂಥ ಪತ್ರದಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ.

ಈ ಒಳದಾರಿ ನಮ್ಮವರಿಗೆ ಹೊಸದಲ್ಲ. 1913ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ, ಅಲ್ಲಿಯ ಪೌರತ್ವಕ್ಕೆ ಅರ್ಹರಲ್ಲದ ಪರದೇಶೀಯರು ಕೃಷಿಭೂಮಿ ಕೊಳ್ಳಬಾರದೆಂದು ಕಾನೂನು ಮಾಡಿತು. 1923ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಭಾರತೀಯರು ಆ ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಅಲ್ಲಿ ಬೆವರು ಸುರಿಸಿ ಬೇಸಾಯ ಮಾಡುತ್ತಿದ್ದ ಪಂಜಾಬಿನ ರೈತರು ತಮ್ಮ ನೆಲವನ್ನು ಬಿಳಿಯ ಗೆಳೆಯರ ಹೆಸರಿನಲ್ಲಿಯೂ, ಅಲ್ಲಿಯೇ ಹುಟ್ಟಿದ ಮಕ್ಕಳ ಹೆಸರಿನಲ್ಲಿಯೂ ಇಡಬೇಕಾಯಿತು. 1946ರಲ್ಲಿ ಭಾರತೀಯರಿಗೆ ಪೌರತ್ವದ ದಾರಿ ತೆರೆಯಿತು. 1952ರಲ್ಲಿ ಆ ರಾಜ್ಯದ ನ್ಯಾಯಾಲಯವೇ ಆ ಭೂಕಾನೂನನ್ನು ತಳ್ಳಿಹಾಕಿತು. ಅದು ಜನಾಂಗ ನೋಡಿ ಮಾಡಿದ ಕಾನೂನು, ನಮ್ಮದು ಪೌರತ್ವವನ್ನೂ ವಾಸವನ್ನೂ ನೋಡಿ ಮಾಡಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಇನ್ನೊಬ್ಬರ ಹೆಸರಿನಲ್ಲಿ ನೆಲವಿಟ್ಟವನ ಅಳುಕು ಅಂದಿಗೂ ಇಂದಿಗೂ ಒಂದೇ.

ನಿಯಮ ಮೀರಿದ ಕಾಗದ ಎಷ್ಟು ಕಾಲ ಬೆನ್ನು ಹತ್ತುತ್ತದೆಂಬುದಕ್ಕೆ ಬೆಂಗಳೂರಿನದೇ ಒಂದು ನಿದರ್ಶನವಿದೆ. ಸೇಂಟ್ ಮಾರ್ಕ್ಸ್ ರಸ್ತೆಯ ಒಂದು ಆಸ್ತಿಯ ಒಡತಿ ಪರದೇಶದ ಪ್ರಜೆಯಾಗಿದ್ದ ವಿಧವೆ. ಆಕೆ 1977ರಲ್ಲಿ ಅದರ ಬಹುಭಾಗವನ್ನು ಒಬ್ಬರಿಗೆ ದಾನಪತ್ರ ಮಾಡಿಕೊಟ್ಟರು. ಆಗ ಜಾರಿಯಲ್ಲಿದ್ದ 1973ರ ವಿದೇಶೀ ವಿನಿಮಯ ನಿಯಂತ್ರಣ ಕಾನೂನಿನಂತೆ ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಬೇಕಾಗಿತ್ತು, ಅದನ್ನು ಪಡೆದಿರಲಿಲ್ಲ. ಆ ಕಾನೂನು 2000ದಲ್ಲಿ ರದ್ದಾಯಿತು, ವ್ಯಾಜ್ಯ ಉಳಿಯಿತು. 2021ರ ಫೆಬ್ರವರಿ 26ರಂದು ಸರ್ವೋಚ್ಚ ನ್ಯಾಯಾಲಯವು ಪೂರ್ವಾನುಮತಿ ಕಡ್ಡಾಯವಾಗಿತ್ತೆಂದೂ, ಅದಿಲ್ಲದೆ ಮಾಡಿದ ಆ ದಾನಪತ್ರ ಸಲ್ಲದೆಂದೂ ತೀರ್ಪಿತ್ತಿತು. ದಾನಕ್ಕೂ ತೀರ್ಪಿಗೂ ನಡುವೆ ಸುಮಾರು ನಲವತ್ತನಾಲ್ಕು ವರ್ಷ!

ನಮ್ಮ ದೇಶವೊಂದೇ ಹೀಗೆಂದು ಯಾರೂ ತಿಳಿಯಬೇಕಾಗಿಲ್ಲ. ಮೆಕ್ಸಿಕೋ ದೇಶದ 1917ರ ಸಂವಿಧಾನ ಗಡಿಯಿಂದ 100 ಕಿಲೋಮೀಟರ್, ಕಡಲತೀರದಿಂದ 50 ಕಿಲೋಮೀಟರ್ ಒಳಗಿನ ನೆಲದ ನೇರ ಒಡೆತನವನ್ನು ಪರದೇಶೀಯರಿಗೆ ನಿರಾಕರಿಸಿದೆ. ಸ್ವಿಟ್ಜರ್ಲೆಂಡಿನಂಥ ಸಿರಿವಂತ ದೇಶವೂ 1983ರ ಕಾನೂನಿನಿಂದ ಹೊರಗಿನವರ ಖರೀದಿಗೆ ಕಡಿವಾಣ ಹಾಕಿದೆ. ಹೊರಗಿನ ಹಣ ಬಂದು ನಿಂತರೆ ಒಳಗಿನವನಿಗೆ ನೆಲ ಎಟುಕದೆ ಹೋದೀತೆಂಬ ಭಯ ಎಲ್ಲ ಕಡೆಯೂ ಇದೆ. ದೇವನಹಳ್ಳಿಯ ಸುತ್ತ ಒಂದೆರಡು ಎಕರೆಯಲ್ಲಿ ಬದುಕುವ ರೈತನನ್ನು ನೋಡಿದವರಿಗೆ ಈ ಭಯ ಬರಿಯ ಕಲ್ಪನೆಯೆನಿಸದು. ಸಂಬಳವನ್ನು ಡಾಲರಿನಲ್ಲಿ ಎಣಿಸುವವನೂ ರಾಗಿಯನ್ನು ಸೇರಿನಲ್ಲಿ ಅಳೆಯುವವನೂ ಒಂದೇ ಹೊಲಕ್ಕೆ ಬೆಲೆ ಕೂಗಿದರೆ ಗೆಲ್ಲುವವರಾರೆಂಬುದು ತಿಳಿದದ್ದೇ.

ಆದ್ದರಿಂದ ಹೊರನಾಡಿನಲ್ಲಿ ಮಕ್ಕಳುಳ್ಳವರಿಗೆ ನಾನು ಹೇಳುವುದು ಇಷ್ಟೆ. ಊರಿನಲ್ಲಿ ಅವರಿಗೊಂದು ನೆಲೆ ಬೇಕೆಂದಿದ್ದರೆ ಪರಿವರ್ತಿತವಾದ ನಿವೇಶನವನ್ನೋ ಮನೆಯನ್ನೋ, ಖಾತೆ, ಋಣಭಾರ ಪತ್ರಗಳನ್ನು ನೋಡಿಸಿ, ಬ್ಯಾಂಕಿನ ಹಣದಿಂದ, ಅವರ ಹೆಸರಿನಲ್ಲಿಯೇ ಕೊಳ್ಳಿ. ಪಿತ್ರಾರ್ಜಿತ ಹೊಲದ ವಿಷಯವನ್ನು ಮುಂದೂಡಬೇಡಿ. ಯಾರು ಅದನ್ನು ನೋಡಿಕೊಳ್ಳುವವರು, ಹೊರಗಿರುವವನು ಅದನ್ನು ನಿಜಕ್ಕೂ ಇಟ್ಟುಕೊಳ್ಳುವನೇ, ಇಲ್ಲವಾದರೆ ಊರಿನಲ್ಲಿ ದುಡಿಯುತ್ತಿರುವ ಅಕ್ಕನಿಗೋ ತಮ್ಮನಿಗೋ ಅದು ಸೇರುವುದೇ ಎಂಬುದನ್ನು ತಂದೆತಾಯಿ ಬದುಕಿರುವಾಗಲೇ ಮಾತಾಡಿ, ಉಯಿಲನ್ನು ಬರೆದಿಡುವುದು ಒಳ್ಳೆಯದು. ರಜೆಗೆಂದು ಎಲ್ಲರೂ ಬಂದು ಹಬ್ಬದ ಊಟಕ್ಕೆ ಒಂದೇ ಸಾಲಿನಲ್ಲಿ ಕುಳಿತಿರುವ ದಿನವೇ ಈ ಮಾತಿಗೆ ತಕ್ಕ ದಿನ.